ಹಳೆಯ ಕಾರು: ಅಂಗಡಿಯಲ್ಲೋ, ಅಂತರ್ಜಾಲದಲ್ಲೋ?

ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿದ ಮೇಲಷ್ಟೇ ಹಣ ಎಣಿಸುತ್ತಾನೆ. ಬಳಸಿದ ಕಾರನ್ನು ಕೊಳ್ಳುವವರಿಗೂ ಇದೇ ಜಾಗರೂಕತೆ ಅವಶ್ಯಕ. ಏಕೆಂದರೆ ಸಾಮಾನ್ಯ ಸಂಸಾರಕ್ಕೆ ಅದು ಹಲವು ವರ್ಷಗಳ ಉಳಿತಾಯ.

ಊರಿನ ವ್ಯಾಪಾರಿಯಲ್ಲಿ ಗಾಡಿಯನ್ನು ಓಡಿಸಿ ನೋಡಬಹುದು, ಪರಿಚಿತ ಮೆಕ್ಯಾನಿಕ್ಕನಿಗೆ ತೋರಿಸಬಹುದು. ಕೆಟ್ಟರೆ ತಟ್ಟಲು ಒಂದು ಬಾಗಿಲಿರುತ್ತದೆ. ಅಂತರ್ಜಾಲದಲ್ಲಿಯಾದರೋ ನೂರಾರು ಕಾರುಗಳ ಬೆಲೆಯನ್ನು ಮನೆಯಲ್ಲೇ ಕುಳಿತು ಹೋಲಿಸಬಹುದು. ಆದರೆ ಚಿತ್ರದಲ್ಲಿ ಇಂಜಿನ್ನಿನ ಸದ್ದು ಕೇಳಿಸದು. ಗಾಡಿ ತೋರಿಸದೆ ಮುಂಗಡ ಬೇಡುವ ಅಪರಿಚಿತನಿಗೆ ಹಣ ಕಳುಹಿಸಲಾಗದು. ದೂರದ ವ್ಯಾಪಾರಿ ಮೋಸಮಾಡಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂಬುದು ಸಮಾಧಾನದ ಸಂಗತಿ.

ಎಲ್ಲಿ ಕೊಂಡರೂ ಕಾಗದಪತ್ರಗಳೇ ಮುಖ್ಯ. ನೋಂದಣಿ ಪತ್ರದಲ್ಲಿ ಬ್ಯಾಂಕಿನ ಸಾಲದ ನಮೂದು ಉಳಿದಿದೆಯೇ ಎಂದು ಮೊದಲು ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಸೆಕ್ಷನ್ನಿನ ಪ್ರಕಾರ, ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇದನ್ನು ಅಲಕ್ಷಿಸಿದರೆ ಮಾರಿದವನಿಗೂ ಅಪಾಯವುಂಟು. ವಾಹನವು ಕೈಬದಲಾಗಿದ್ದರೂ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವ ಮಾಲಿಕನೇ ಹೊಣೆಯೆಂದು 2018ರಲ್ಲಿ, ನವೀನ್ ಕುಮಾರ್ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಆದುದರಿಂದ ಕೀಲಿಕೈ ದೊರೆತ ದಿನವಲ್ಲ, ಹೆಸರು ಬದಲಾದ ದಿನವೇ ವ್ಯಾಪಾರ ಮುಗಿದ ದಿನ. ಮನೆಗೆ ಮೊದಲ ಪದವಿ ತರಲಿರುವ ನಮ್ಮಂಥವರು, ಹಿರಿಯರು ಸಹಿ ಹಾಕುವ ಮುನ್ನ ಆ ಕಾಗದಗಳನ್ನು ಅವರಿಗೆ ಓದಿ ಹೇಳುವುದು ಕಲಿತುದರ ಮೊದಲ ಪ್ರಯೋಜನವಲ್ಲವೆ?