ಫಿಲ್ಲರ್ ಹಾಕಿಸಿದ ತುಟಿಯಲ್ಲಿ ಗಂಟು

ಪ್ರಶ್ನೆ: ನನ್ನ ತಂಗಿ ಮದುವೆಗೆ ಮುಂಚೆ ಬೆಂಗಳೂರಿನ ಒಂದು ಪಾರ್ಲರಿನಲ್ಲಿ ತುಟಿಗೆ ಫಿಲ್ಲರ್ ಹಾಕಿಸಿಕೊಂಡಳು. ಮೂರು ತಿಂಗಳಾಯಿತು. ಒಳಗೆ ಗಂಟು ಕೈಗೆ ಸಿಗುತ್ತವೆ, ಮೇಲ್ದುಟಿಯ ಅಂಚು ದಾಟಿ ಮೀಸೆ ಜಾಗವೂ ಉಬ್ಬಿದೆ. ಬೆರಳಲ್ಲಿ ತಿಕ್ಕಿದರೆ ಕರಗುತ್ತದೆ ಅನ್ನುತ್ತಾರೆ. ನಿಜವೇ?
– ಓದುಗರು, ಮೆಟ್ರಿ

ಉತ್ತರ: ತಿಕ್ಕುವುದನ್ನು ಇವತ್ತೇ ನಿಲ್ಲಿಸಲಿ. ಮೊದಲ ಎರಡು ವಾರ ತುಟಿ ಊದುವುದು, ಅಲ್ಲಲ್ಲಿ ಗಟ್ಟಿಯಾಗುವುದು ಸಹಜ. ಸೂಜಿಯ ಬಾವು ತಾನಾಗಿ ಇಳಿಯುತ್ತದೆ. ಮೂರು ತಿಂಗಳಾದರೂ ಉಳಿದದ್ದು ಬರೀ ಬಾವಲ್ಲ. ಫಿಲ್ಲರ್ ಒಂದೆಡೆ ಕೂಡಿಕೊಂಡಿದೆ, ಸ್ವಲ್ಪ ಮೇಲಕ್ಕೂ ಸರಿದಿರಬೇಕು. ಒಂದೇ ಸಲ ಹೆಚ್ಚು ತುಂಬಿದರೆ, ಅಂಚಿಗೆ ತೀರಾ ಹತ್ತಿರ ಚುಚ್ಚಿದರೆ, ಹಳೆಯದರ ಮೇಲೆ ಮತ್ತೆ ಹಾಕಿದರೆ ಹೀಗಾಗುತ್ತದೆ. "ಇನ್ನೊಂದು ಸಿರಿಂಜ್ ಹಾಕಿ ಸಮ ಮಾಡ್ತೀವಿ" ಅಂದರೆ ಒಪ್ಪಬೇಡಿ.

ಈಗ ಗೊತ್ತಾಗಬೇಕಾದದ್ದು, ಒಳಗೆ ಹಾಕಿದ್ದು ಏನು ಎಂಬುದು. ಸಾಮಾನ್ಯವಾಗಿ ಹಾಕುವುದು ಹಯಲುರಾನಿಕ್ ಆಮ್ಲ. ನಮ್ಮ ಚರ್ಮ, ಕೀಲುಗಳಲ್ಲೂ ಇರುವ ವಸ್ತು ಅದು. 1934ರಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಅದನ್ನು ಕರಗಿಸಲು ಹಯಲುರಾನಿಡೇಸ್ ಎಂಬ ಇಂಜೆಕ್ಷನ್ ಇದೆ. ಕಣ್ಣಿನ ಪೊರೆ ತೆಗೆಯುವಾಗ ಅರಿವಳಿಕೆಯ ಜೊತೆ ಕೊಡುವ ಹಳೆಯ ಔಷಧಿಯೇ. ಒಂದೆರಡು ದಿನದಲ್ಲಿ ಫಲ ಕಾಣುತ್ತದೆ. ಕೆಲವರಿಗೆ ಎರಡನೇ ಸಲ ಬೇಕಾದೀತು. ನಟಿ ಉರ್ಫಿ ಜಾವೇದ್ 2025ರ ಜುಲೈನಲ್ಲಿ ಹೀಗೆ ಕರಗಿಸಿಕೊಂಡ ವಿಡಿಯೊ ಹಾಕಿದ್ದರು. ಊದಿದ ಆ ಮುಖ ಕಂಡು ಹೆದರಬೇಡಿ, ಊತ ಇಳಿಯುತ್ತದೆ. ಆದರೆ ತಂಗಿಗೆ ಎಂದಾದರೂ ಜೇನು ಕಚ್ಚಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ತೇ? ಹಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಜೇನಿನ ವಿಷದಲ್ಲೂ ಇದೇ ಬಗೆಯ ಕಿಣ್ವವಿದೆ, ಅಲರ್ಜಿ ಮರುಕಳಿಸಬಹುದು.

ಹಾಕಿದ್ದು ಸಿಲಿಕೋನ್ ಆಗಿದ್ದರೆ ಈ ಔಷಧಿಯಿಂದ ಉಪಯೋಗವಿಲ್ಲ, ಕತ್ತರಿಸಿಯೇ ತೆಗೆಯಬೇಕಾದೀತು. ಅದಕ್ಕೇ ಪಾರ್ಲರಿನಿಂದ ಫಿಲ್ಲರಿನ ಹೆಸರು, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಕೇಳಿ ತರಿಸಿ. ಕೊಡದಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಸುಮಾರಾಗಿ ತಿಳಿಯುತ್ತದೆ. ನಿಮ್ಮ ಕಡೆಯವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಬಿಎಂಸಿಆರ್‌ಸಿ, ಹಿಂದಿನ ವಿಮ್ಸ್) ಇದೆಯಲ್ಲ, ಅಲ್ಲಿನ ಚರ್ಮರೋಗ ವಿಭಾಗಕ್ಕೆ ಮೊದಲು ತೋರಿಸಿ.

ಗಂಟು ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ, ಜ್ವರವಿದ್ದರೆ ಅದು ಸೋಂಕು. ತಡ ಮಾಡಬೇಡಿ, ಮೊದಲು ಆ್ಯಂಟಿಬಯಾಟಿಕ್ ಬೇಕು. ಈ ಅಂಕಣ ಓದುವ ಬೇರೆಯವರಿಗೂ ಒಂದು ಮಾತು: ಚುಚ್ಚಿದೊಡನೆ ಅಥವಾ ಕೆಲವು ಗಂಟೆಗಳಲ್ಲಿ ತುಟಿ ಬಿಳಿಚಿದರೆ, ನೀಲಿ ಬಲೆಯಂತೆ ಕಂಡರೆ, ಕಣ್ಣು ಮಂಜಾದರೆ ರಕ್ತನಾಳ ಕಟ್ಟಿದೆ ಎಂದು ತಿಳಿದು ಆಗಲೇ ಆಸ್ಪತ್ರೆಗೆ ಓಡಬೇಕು.

ಕರಗಿಸಿದ ಮೇಲೂ ಮತ್ತೆ ಬೇಕೆನಿಸಿದರೆ ಎರಡು ವಾರವಾದರೂ ಬಿಟ್ಟು, ಚರ್ಮವೈದ್ಯರ ಅಥವಾ ಪ್ಲಾಸ್ಟಿಕ್ ಸರ್ಜನ್ನರ ಹತ್ತಿರವೇ ಹಾಕಿಸಿಕೊಳ್ಳಲಿ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕ್ಲಿನಿಕ್ಕಿಗೆ ನೋಂದಣಿ ಇರಲೇಬೇಕು. ಒಳಗೆ ಹೋದೊಡನೆ ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.