ಜೋಳ ತಿಂದ ಎತ್ತಿಗೆ ಜೀವಸತ್ತ್ವದ ಸೂಜಿ ಏಕೆ?

ಹಿಂಗಾರಿ ಜೋಳದ ರಾಶಿಯ ದಿನಗಳಲ್ಲಿ ದನ ಹಗ್ಗ ಹರಿದುಕೊಂಡು ಕಾಳಿಗೆ ಬಾಯಿ ಹಾಕುವುದು ನಮ್ಮ ಅಕ್ಕಲಕೋಟೆ ಸೀಮೆಯ ರೈತ ಬಂಧುಗಳಿಗೆ ಹೊಸ ಮಾತಲ್ಲ. ಹೋದ ಸುಗ್ಗಿಯಲ್ಲಿ ನಮ್ಮ ಮನೆಯಲ್ಲಿಯೇ ಹೀಗಾಯಿತು. ತಾಡಪತ್ರಿಯ ಕೆಳಗಿನ ಜೋಳವನ್ನು ಎತ್ತು ರಾತ್ರಿಯೆಲ್ಲ ತಿಂದಿತ್ತು. ಬೆಳಿಗ್ಗೆ ಮೇವು ಮೂಸಲಿಲ್ಲ, ಮೆಲುಕು ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಳಿ ನಾತದ ನೀರುಸಗಣಿ ಹಾಕುತ್ತ, ಹಲ್ಲು ಕಡಿಯುತ್ತ, ಕುಡಿದವನಂತೆ ತೂರಾಡತೊಡಗಿತು. ದನದ ಡಾಕ್ಟರರು ಬಂದು ಹೊಟ್ಟೆಗೆ ಔಷಧ ಹಾಕಿದರು. ಜೊತೆಗೆ ಬಿ-1 ಜೀವಸತ್ತ್ವದ ಸೂಜಿಯನ್ನೂ ಚುಚ್ಚಿದರು. "ತಿಂದು ಕೆಟ್ಟ ಎತ್ತಿಗೆ ಮತ್ತೆ ಶಕ್ತಿಮದ್ದು ಯಾತಕ್ಕೆ?" ಎಂದು ಕೇಳಿದವನು ನಾನೇ. ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ದನದ ಮೊದಲನೆಯ ದೊಡ್ಡ ಹೊಟ್ಟೆಯೆಂದರೆ ಹುದುಗು ಬರುವ ಗುಡಾಣವಿದ್ದಂತೆ. ಕಣಿಕೆ, ಹುಲ್ಲುಗಳನ್ನು ಕರಗಿಸುವ ಕೆಲಸ ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳದು. ಬಿ ಗುಂಪಿನ ಜೀವಸತ್ತ್ವಗಳನ್ನೂ ಅವೇ ತಯಾರಿಸುತ್ತವೆ. ಆದುದರಿಂದ ಬೆಳೆದ ದನಕ್ಕೆ ಅವನ್ನು ಹೊರಗಿನಿಂದ ಕೊಡುವ ಪ್ರಸಂಗ ಸಾಮಾನ್ಯವಾಗಿ ಬಾರದು. (ಬಿ-12ಕ್ಕೆ ಮಾತ್ರ ಮೇವಿನಲ್ಲಿ ಕೋಬಾಲ್ಟ್ ಎಂಬ ಖನಿಜ ತುಸು ಇರಬೇಕು.)

ಒಮ್ಮೆಲೇ ಕಾಳು ತುಂಬಿದಾಗ ಪಿಷ್ಟವನ್ನು ತಿನ್ನುವ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಜೀವಾಣುಗಳು ಮಿತಿಮೀರಿ ಬೆಳೆಯುತ್ತವೆ. ಇವು ಹೊರಹಾಕುವುದು ಲ್ಯಾಕ್ಟಿಕ್ ಆಮ್ಲವನ್ನು, ಅಂದರೆ ಮೊಸರಿನಲ್ಲಿರುವ ಹುಳಿಯನ್ನೇ. ಹೊಟ್ಟೆಯೊಳಗಿನ ಪಿಎಚ್ 6-7ರಿಂದ 5ಕ್ಕೂ ಕೆಳಗಿಳಿಯುತ್ತದೆ. ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಸೇರಿ ಕಣ್ಣು ಗುಳಿಬೀಳುತ್ತದೆ. ಹುಳಿ ರಕ್ತಕ್ಕೇರಿತೆಂದರೆ ಒಂದೆರಡು ದಿನಗಳಲ್ಲಿ ದನ ಸತ್ತೇ ಹೋಗಬಹುದು.

ಈ ಜೀವಾಣುಗಳನ್ನು ತಡೆಯಲು ಆ್ಯಂಟಿಬಯೋಟಿಕ್, ಹುಳಿ ಮುರಿಯಲು ಸೋಡಾ ಅಥವಾ ಮೆಗ್ನೀಸಿಯಮ್ ಔಷಧ, ಮೈಗೆ ಸಲಾಯಿನ್ ಕೊಡುತ್ತಾರೆ. ಆದರೆ ಆ್ಯಂಟಿಬಯೋಟಿಕ್ಕಿಗೆ ಬೆಳೆ ಯಾವುದು, ಕಳೆ ಯಾವುದು ಎಂಬ ಭೇದವಿಲ್ಲ. ಅಳಿದುಳಿದ ಒಳ್ಳೆಯವೂ ಅದಕ್ಕೆ ಬಲಿ. ಹೀಗೆ ಬಿ-1ರ ತಯಾರಿಕೆ ಕುಗ್ಗುತ್ತದೆ. ಅಷ್ಟೇ ಅಲ್ಲ, ಹುಳಿತ ಹೊಟ್ಟೆಯಲ್ಲಿ ಕೆಲವು ಜೀವಾಣುಗಳು ಥಯಾಮಿನೇಸ್ ಎಂಬ ಕಿಣ್ವವನ್ನು ಹುಟ್ಟಿಸಿ ಇದ್ದ ಬಿ-1ನ್ನೂ ಮುರಿದುಹಾಕುತ್ತವೆ. ಬಿ-1 ಇಲ್ಲದೆ ಮಿದುಳಿಗೆ ಸಕ್ಕರೆಯನ್ನು ಬಳಸಿಕೊಳ್ಳಲಾಗದು. ಆಗ ದನಕ್ಕೆ ಕಣ್ಣು ಕಾಣದಾಗುತ್ತದೆ, ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ. ಬಾಯಿಂದ ಕೊಟ್ಟ ಬಿ-1 ಅದೇ ಹೊಟ್ಟೆಯಲ್ಲಿ ಹಾಳಾಗುವುದರಿಂದ ಸೂಜಿಯೇ ಬೇಕು. ಅಂಗಡಿಯವನು ಹೊಗಳಿ ಕೊಡುವ ಟಾನಿಕ್ಕಿನ ಬಾಟಲಿ ಇಲ್ಲಿ ಉಪಯೋಗಕ್ಕೆ ಬಾರದು.

ಡಾಕ್ಟರರು ಬರುವ ತನಕ ಕಾಳು, ಹಿಟ್ಟು, ಮುಸುರೆ ಯಾವುದನ್ನೂ ತೋರಿಸಬೇಡಿ. ಒಣಹುಲ್ಲು ಹಾಕಿ, ಹೊಟ್ಟೆತುಂಬ ನೀರು ಬಿಡಬೇಡಿ, ನಡೆಯಬಲ್ಲುದಾದರೆ ಮೆಲ್ಲಗೆ ಅಡ್ಡಾಡಿಸಿ. ಕೆಲವರು ತಂಪೆಂದು ಹುಳಿ ಮಜ್ಜಿಗೆ ಹೊಯ್ಯುತ್ತಾರೆ. ಹುಳಿಯಿಂದಲೇ ಸಾಯುತ್ತಿರುವ ದನಕ್ಕೆ ಇನ್ನಷ್ಟು ಹುಳಿ! ತೂರಾಡುವ ದನದ ಮೂತಿಯೆತ್ತಿ ಗೊಟ್ಟದಿಂದ ಏನನ್ನೂ ಹೊಯ್ಯಲೂ ಬಾರದು. ಅದು ಪುಪ್ಪುಸಕ್ಕೆ ಇಳಿದರೆ ಇನ್ನೊಂದು ಕೇಡು. ಹಿಂಡುವ ಹಸುವಾದರೆ ಡಾಕ್ಟರರು ಹೇಳಿದಷ್ಟು ದಿನ ಅದರ ಹಾಲನ್ನು ಮಾರಬೇಡಿ, ಮಕ್ಕಳಿಗೂ ಕೊಡಬೇಡಿ.

ಸತ್ತ ಜೀವಿಗಳ ಜಾಗಕ್ಕೆ ಹೊಸವನ್ನು ತರುವ ಉಪಾಯವೂ ಉಂಟು. ಆರೋಗ್ಯವಾಗಿರುವ ದನದ ಹೊಟ್ಟೆಯಿಂದ ನಳಿಕೆಯ ಮೂಲಕ ರಸ ತೆಗೆದು ರೋಗಿ ದನಕ್ಕೆ ಹಾಕುತ್ತಾರೆ, ಹಾಲಿಗೆ ಹೆಪ್ಪು ಹಾಕಿದಂತೆ. ನಮ್ಮ ಎತ್ತಿಗೂ ಮೂರನೆಯ ದಿನ ಹಾಗೆ ಮಾಡಿದರು. ಮರುದಿನ ಸಂಜೆ ಅದು ಮೆಲುಕು ಹಾಕಿತು. ನೊಗಕ್ಕೆ ಹೂಡಲು ಮಾತ್ರ ಮತ್ತೆ ಹದಿನೈದು ದಿನ ಕಾಯಬೇಕಾಯಿತು.