ಯಾವ ಕೆಲಸ ಯಾವ ಸರ್ಕಾರದ್ದು? : ಅಂತರ್ಜಾಲದಲ್ಲಿ ಸರ್ಕಾರಿ ಮಾಹಿತಿಯನ್ನು ಹುಡುಕುವ ಕ್ರಮ

ಮುಂಬಯಿಯ ಬಾಂದ್ರಾದಲ್ಲಿ ಮೂರು ಸ್ತರಗಳ ಸರ್ಕಾರಿ ಕಚೇರಿಗಳೂ ಇವೆ. ಪೂರ್ವ ಭಾಗದ ಭವಿಷ್ಯ ನಿಧಿ ಭವನವು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರಿದುದು. ಅದೇ ಭಾಗದಲ್ಲಿ ಮುಂಬಯಿ ಉಪನಗರ ಜಿಲ್ಲೆಯ ಜಿಲ್ಲಾಧಿಕಾರಿಗಳ ಕಚೇರಿ ಇದೆ. 1990ರಲ್ಲಿ ರಚಿತವಾದ ಈ ಜಿಲ್ಲೆಯ ಆಡಳಿತ ಮಹಾರಾಷ್ಟ್ರ ಸರ್ಕಾರದ್ದು. ಪಶ್ಚಿಮ ಭಾಗದ ‘ಎಚ್ ಪಶ್ಚಿಮ’ ವಾರ್ಡ್ ಕಚೇರಿ ಮಹಾನಗರಪಾಲಿಕೆಯದು. ನೋಡುವವರಿಗೆ ಇವೆಲ್ಲವೂ ಸರ್ಕಾರಿ ಕಚೇರಿಗಳೇ. ಆದರೆ ಒಂದರ ಕೆಲಸ ಇನ್ನೊಂದರಲ್ಲಿ ಆಗದು. ಜಾಲತಾಣಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಉಡುಪಿಯಿಂದ ಬಂದು ಬಾಂದ್ರಾದ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಕಾರ್ಮಿಕನೊಬ್ಬನು ಕೆಲಸದಲ್ಲಿರುವಾಗಲೇ ತೀರಿಕೊಂಡನೆಂದು ಭಾವಿಸೋಣ. ಅವನ ಪತ್ನಿಗೆ ಮೊದಲು ಬೇಕಾದುದು ಮರಣ ಪ್ರಮಾಣಪತ್ರ. ಮುಂಬಯಿಯಲ್ಲಿ ಅದನ್ನು ಮಹಾನಗರಪಾಲಿಕೆ ನೀಡುತ್ತದೆ. ಮರಣವು ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗುವುದರಿಂದ, ಊರಿನ ಪಂಚಾಯತಿಯಲ್ಲಿ ವಿಚಾರಿಸಿದರೆ ಪ್ರಯೋಜನವಿಲ್ಲ. ಭವಿಷ್ಯ ನಿಧಿಯ ಹಣ ಮತ್ತು ಪಿಂಚಣಿಯ ವಿವರಗಳು ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವಾಲಯದ ಅಧೀನದಲ್ಲಿರುವ ನೌಕರರ ಭವಿಷ್ಯ ನಿಧಿ ಸಂಘಟನೆಯ ತಾಣದಲ್ಲಿ ದೊರೆಯುತ್ತವೆ. ಪಡಿತರ ಚೀಟಿಯ ತಿದ್ದುಪಡಿ ರಾಜ್ಯದ ಆಹಾರ ಇಲಾಖೆಗೆ ಸೇರಿದುದು. ಹೀಗೆ ಒಂದೇ ಸಾವಿನ ಬೆನ್ನಿಗೆ ಮೂರು ಆಡಳಿತಗಳ ಬಾಗಿಲು ತಟ್ಟಬೇಕಾಗುತ್ತದೆ.

ಈ ಹಂಚಿಕೆಗೆ ಸಂವಿಧಾನವೇ ಆಧಾರ. ಅದರ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಹಾಗೂ ಸಮವರ್ತಿ ಪಟ್ಟಿಗಳಿವೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯು ನಗರಾಡಳಿತ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನವನ್ನು ನೀಡಿತು. ಆದುದರಿಂದ ಹುಡುಕುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಈ ವಿಷಯ ಯಾವ ಸ್ತರದ ಸರ್ಕಾರದ್ದು? ಅದರಲ್ಲಿ ಯಾವ ಇಲಾಖೆಯದು? ಆ ಇಲಾಖೆಯಲ್ಲಿ ಯಾವ ಕಚೇರಿಯದು? ಉತ್ತರ ತಿಳಿದರೆ, ಇಲಾಖೆಯ ಹೆಸರಿನಿಂದಲೇ ತಾಣವನ್ನು ಗುರುತಿಸಬಹುದು. ತಿಳಿಯದಿದ್ದಲ್ಲಿ 2005ರಲ್ಲಿ ಆರಂಭವಾದ ಭಾರತದ ರಾಷ್ಟ್ರೀಯ ಪೋರ್ಟಲಿನಿಂದ ತೊಡಗಬಹುದು.

ವಿಳಾಸದ ಕೊನೆಯನ್ನೂ ಗಮನಿಸಬೇಕು. ‘ಜಿಒವಿ ಡಾಟ್ ಇನ್’ ಎಂಬ ಅಂತ್ಯವನ್ನು ಸರ್ಕಾರಿ ಸಂಸ್ಥೆಗಳಿಗಾಗಿಯೇ ಮೀಸಲಿಡಲಾಗಿದೆ. ಸರ್ಕಾರಿ ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಿಯಾರು. ಈ ಅಂತ್ಯವುಳ್ಳ ವಿಳಾಸವನ್ನು ಖಾಸಗಿಯವರು ಪಡೆಯುವಂತಿಲ್ಲ.

ತಾಣದಲ್ಲಿ ಮಾಹಿತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ನೆರವಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಇಲ್ಲಿಯೂ ಸ್ತರದ ಅರಿವು ಮುಖ್ಯ. ಕೇಂದ್ರದ ಮಾಹಿತಿ ಹಕ್ಕು ತಾಣದಲ್ಲಿ ರಾಜ್ಯದ ಕಚೇರಿಗೆ ಸಂಬಂಧಿಸಿದ ಅರ್ಜಿಯನ್ನು ಸಲ್ಲಿಸಿದರೆ ಅದನ್ನು ಹಿಂದಿರುಗಿಸಲಾಗುತ್ತದೆ. ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲ. ಶುಲ್ಕ ಅಲ್ಪವೇ ಇರಬಹುದು. ಆದರೆ ದುಡಿಯುವ ಕೈಯನ್ನು ಕಳೆದುಕೊಂಡ ಮನೆಗೆ ವ್ಯರ್ಥವಾಗುವ ಒಂದೊಂದು ತಿಂಗಳೂ ಭಾರವೇ. ಸರ್ಕಾರದ ರಚನೆಯನ್ನು ಅರಿತ ನಾಗರಿಕನು ತನ್ನ ಹಕ್ಕಿನ ಬಾಗಿಲನ್ನು ಮೊದಲ ಸಲವೇ ಸರಿಯಾಗಿ ತಟ್ಟಬಲ್ಲನು.